ಡ್ವೈಟ್ ಅಷ್ಟೊಂದು ದಡ್ಡನಾ?

'ಬ್ಲೂ ರೂಯಿನ್' ಸಿನಿಮಾ ನೋಡಿ ಅಂತ ನಾನು ಗಂಟುಬಿದ್ದವರೆಲ್ಲ ನೋಡಿದ ಮೇಲೆ ಹೇಳಿದ ಮೊದಲ ಮಾತು ಹೆಚ್ಚುಕಮ್ಮಿ ಒಂದೇ. "ಹೀರೋ ಎಂಥ ದಡ್ಡ ಮಾರಾಯ್ರೆ!" ಕೆಲವರು ದಡ್ಡ ಅನ್ನದೆ ಪೆದ್ದ ಅಂದರು. ಬೆಂಗಳೂರಿನಿಂದ ಬಂದಿದ್ದ ನನ್ನ ಮೈದುನ ಇನ್ನೂ ಮುಂದೆ ಹೋಗಿ, "ಅತ್ತಿಗೆ, ಇವನಿಗೆ ಕೊಲೆ ಮಾಡೋದು ಬಿಟ್ಟು ಬೇರೆ ಯಾವುದಾದ್ರೂ ಕೆಲಸ ಕೊಡ್ಸಿ" ಅಂದ. ನಮ್ಮ ಆಫೀಸಿನ ಜೂನಿಯರ್ ಹುಡುಗ ಮಾತ್ರ ಏನೂ ಹೇಳದೆ ನಕ್ಕ. ಅವನು ಯಾಕೆ ನಕ್ಕ ಅಂತ ನನಗೆ ಗೊತ್ತು. ನಾವಿಬ್ಬರೂ ಬೆಳಗಾದರೆ ನೋಡುವುದು ಇಂಥವರನ್ನೇ.

ನಾನು ಶಿವಮೊಗ್ಗದಲ್ಲಿ ವಕೀಲಳು. ಕ್ರಿಮಿನಲ್ ಕೇಸುಗಳೇ ಜಾಸ್ತಿ, ಅದೂ ಆರೋಪಿಗಳ ಪರ. ಹಾಗಾಗಿ ಕ್ರೈಂ ಸಿನಿಮಾ ನೋಡುವಾಗ ನನ್ನ ತಲೆ ಬೇರೆಯವರ ಹಾಗೆ ಓಡುವುದಿಲ್ಲ. ಹೀರೋ ಬಾಗಿಲು ಒದ್ದು ಒಳಗೆ ಬಂದರೆ, ಆ ಬಾಗಿಲಿನ ಮೇಲೆ ಬೂಟಿನ ಗುರುತು ಬಿತ್ತಲ್ಲ ಅನ್ನುವುದು ನನ್ನ ಚಿಂತೆ. ನಮ್ಮನೆಯವರು ಇದಕ್ಕೇ ನನ್ನ ಜೊತೆ ಥಿಯೇಟರಿಗೆ ಬರುವುದನ್ನು ಕಮ್ಮಿ ಮಾಡಿದ್ದಾರೆ.

ಸಿನಿಮಾ ನೋಡದವರಿಗಾಗಿ ಸ್ವಲ್ಪ ಕಥೆ ಹೇಳಿಬಿಡುತ್ತೇನೆ. ಕೊನೆ ಹೇಳುವುದಿಲ್ಲ. ಇದು 2013ರ ಅಮೆರಿಕನ್ ಸಿನಿಮಾ. ಬರೆದವರು, ನಿರ್ದೇಶಿಸಿದವರು, ಕ್ಯಾಮೆರಾ ಹಿಡಿದವರು ಮೂವರೂ ಒಬ್ಬರೇ, ಜೆರೆಮಿ ಸೋಲ್ನಿಯೇ. ಹೀರೋ ಡ್ವೈಟ್ ಪಾತ್ರ ಮಾಡಿದ್ದು ಅವರ ಬಾಲ್ಯದ ಗೆಳೆಯ ಮೇಕನ್ ಬ್ಲೇರ್. ಇಬ್ಬರೂ ವರ್ಜೀನಿಯಾದ ಅಲೆಕ್ಸಾಂಡ್ರಿಯಾ ಊರಿನಲ್ಲಿ ಹುಡುಗರಾಗಿದ್ದಾಗಿನಿಂದ ಸೇರಿ ಸಿನಿಮಾ ಮಾಡುತ್ತಿದ್ದವರು.

ಡ್ವೈಟ್ ಸಮುದ್ರದ ದಂಡೆಯ ಊರೊಂದರಲ್ಲಿ ತುಕ್ಕು ಹಿಡಿದ ನೀಲಿ ಪಾಂಟಿಯಾಕ್ ಕಾರಿನಲ್ಲೇ ಬದುಕುವ ಮನುಷ್ಯ. ಗಡ್ಡ ಎದೆಗೆ ಬಂದಿದೆ. ಯಾರೂ ಇಲ್ಲದ ಮನೆಗೆ ನುಗ್ಗಿ ಸ್ನಾನ ಮಾಡುತ್ತಾನೆ, ಕಸದ ಚೀಲದಲ್ಲಿ ತಿಂಡಿ ಹುಡುಕುತ್ತಾನೆ. ಒಂದು ದಿನ ಪೊಲೀಸ್ ಅಧಿಕಾರಿ ಹೆಂಗಸೊಬ್ಬರು ಕಾರಿನ ಗಾಜು ತಟ್ಟಿ ಎಬ್ಬಿಸಿ, ಠಾಣೆಗೆ ಕರೆದುಕೊಂಡು ಹೋಗಿ ಕೂರಿಸುತ್ತಾರೆ. ಅವನದೇನೂ ತಪ್ಪಿಲ್ಲ. ಅವನ ಅಪ್ಪ ಅಮ್ಮನನ್ನು ಕೊಂದ ಕೇಸಿನಲ್ಲಿ ಜೈಲಿಗೆ ಹೋಗಿದ್ದ ವೇಡ್ ಕ್ಲೀಲ್ಯಾಂಡ್ ಬಿಡುಗಡೆ ಆಗುತ್ತಿದ್ದಾನೆ, ಈ ಸುದ್ದಿ ನೀನು ಒಬ್ಬನೇ ಇದ್ದಾಗ ಕೇಳಬಾರದು ಅಂತ ಕರೆತಂದೆ ಅನ್ನುತ್ತಾರೆ.

ಆ ಅಧಿಕಾರಿಯ ಬಗ್ಗೆ ಯಾರೂ ಮಾತಾಡುವುದಿಲ್ಲ. ನನಗೆ ಮಾತ್ರ ಇಡೀ ಸಿನಿಮಾದಲ್ಲಿ ತುಂಬ ಹಿಡಿಸಿದ್ದು ಅವರು. ನಮ್ಮಲ್ಲೂ ಸನ್ನಡತೆ ಆಧಾರದ ಮೇಲೆ ಕೈದಿಗಳನ್ನು ಬಿಡುತ್ತಾರೆ. ಜೀವಾವಧಿ ಆದವನು ಕೊಲೆ ಕೇಸಿನಲ್ಲಿ 14 ವರ್ಷ ಒಳಗಿರಲೇಬೇಕು, ಆಮೇಲೆ ಅವನ ಹೆಸರು ಪಟ್ಟಿಗೆ ಬರಬಹುದು. ಸತ್ತವನ ಮನೆಯವರಿಗೆ ಎಷ್ಟೋ ಸಲ ಅದು ಗೊತ್ತಾಗುವುದು ಪೇಪರ್ ನೋಡಿ. ಇಲ್ಲ, ಬಸ್‌ ಸ್ಟ್ಯಾಂಡಿನಲ್ಲಿ ಅವನನ್ನೇ ಎದುರಿಗೆ ನೋಡಿ. ಕರೆದು ಕೂರಿಸಿ, ನೀರು ಕೊಟ್ಟು ಹೇಳುವವರು ಯಾರಿದ್ದಾರೆ?

ಹಾಗೆ ಕೂರಿಸಿ ಹೇಳಿದ್ದರಿಂದ ಏನಾಯಿತು ಅಂದರೆ, ಡ್ವೈಟ್ ಸೀದಾ ವರ್ಜೀನಿಯಾಕ್ಕೆ ಹೊರಟ. ಇಲ್ಲಿಂದ ಶುರು ಅವನ ಪೆದ್ದುತನದ ಮೆರವಣಿಗೆ.

ಬಾರ್ ಮುಂದೆ ನಿಂತ ಗಾಡಿಯೊಂದರಿಂದ ಪಿಸ್ತೂಲು ಕದಿಯುತ್ತಾನೆ. ಅದರ ಕುದುರೆಗೆ ಬೀಗ ಹಾಕಿದೆ. ಬೀಗ ಒಡೆಯಲು ಹೋಗಿ ಪಿಸ್ತೂಲನ್ನೇ ಹಾಳು ಮಾಡುತ್ತಾನೆ. ಕೊನೆಗೆ ಒಂದು ಚಾಕು ಹಿಡಿದುಕೊಂಡು ಬಾತ್‌ರೂಮಿನಲ್ಲಿ ಅವಿತು ವೇಡ್‌ನನ್ನು ಕೊಲ್ಲುತ್ತಾನೆ. ಆ ಕೊಲೆಯಲ್ಲಿ ಚಂದ ಅನ್ನುವಂಥದ್ದು ಏನೂ ಇಲ್ಲ, ಇಬ್ಬರೂ ಜಾರಿ ಬಿದ್ದು ಒದ್ದಾಡುತ್ತಾರೆ. ಹೊರಗೆ ಓಡಿ ಬಂದು, ವೇಡ್ ಮನೆಯವರು ಬೆನ್ನು ಹತ್ತಬಾರದು ಅಂತ ಅವರ ಲಿಮೋಸಿನ್ ಟೈರಿಗೆ ಚಾಕು ಹಾಕುತ್ತಾನೆ. ಹಾಕುವಾಗ ತನ್ನ ಕೈಯನ್ನೇ ಸೀಳಿಕೊಳ್ಳುತ್ತಾನೆ. ಆಮೇಲೆ ನೋಡಿದರೆ ತನ್ನ ಕಾರಿನ ಕೀ ಇಲ್ಲ. ಈಗ ಪರಾರಿಯಾಗಲು ಉಳಿದಿರುವುದು ಒಂದೇ ಗಾಡಿ. ತಾನೇ ಈಗಷ್ಟೇ ಪಂಕ್ಚರ್ ಮಾಡಿದ ಲಿಮೋಸಿನ್.

ಮೈದುನ ಜೋರಾಗಿ ನಕ್ಕಿದ್ದು ಇಲ್ಲಿ. "ಪ್ಲಾನ್ ಅಂತ ಒಂದು ಬೇಡ್ವಾ?" ಅಂದ.

ಅಲ್ಲಿಂದ ನಮ್ಮ ಜಗಳ. ಅವನ ವಾದ ಇಷ್ಟು: ಸೇಡಿನ ಸಿನಿಮಾ ಅಂದ ಮೇಲೆ ಸೇಡು ತೀರಿಸಿಕೊಳ್ಳುವವನಿಗೆ ಕೈ ಪಳಗಿರಬೇಕು. ಇಷ್ಟು ವರ್ಷ ಕಾದವನು ಒಂದು ಚಾಕು ಹಿಡಿಯುವುದನ್ನಾದರೂ ಕಲಿಯಬಾರದಾ? ಇದು ಅವನೊಬ್ಬನ ಮಾತಲ್ಲ. ಅಡಿಕೆ ಮಂಡಿಯಲ್ಲಿ ಕೆಲಸ ಮಾಡುವ ನಮ್ಮನೆಯವರ ಗೆಳೆಯರೊಬ್ಬರು, ಸಿನಿಮಾ ಹುಚ್ಚಿನವರು, ಅವರೂ ಇದನ್ನೇ ಹೇಳಿದರು. ಅವರು 1995ರಲ್ಲಿ 'ಓಂ' ಬಂದಾಗ ಕಾಲೇಜಿನಲ್ಲಿದ್ದವರು. ಲಾಂಗು ಅಂದರೆ ಹೇಗೆ ಹಿಡಿಯಬೇಕು, ಬೀಸುವ ಮುಂಚೆ ಏನು ಹೇಳಬೇಕು, ಎಲ್ಲಕ್ಕೂ ಅವರ ಹತ್ತಿರ ಒಂದು ಲೆಕ್ಕ ಇದೆ. ಅವರಿಗೆ ಡ್ವೈಟ್ ಒಂದು ಅವಮಾನ.

ನಾನು ಹೇಳಿದ್ದು ಇಷ್ಟೇ. ನನ್ನ ಬೀರುವಿನಲ್ಲಿರುವ ಕೊಲೆ ಫೈಲುಗಳನ್ನೆಲ್ಲ ತೆಗೆದು ಓದಿ. ಒಂದರಲ್ಲಾದರೂ ಕೈ ಪಳಗಿದವನು ಸಿಗುತ್ತಾನಾ ನೋಡಿ.

ನಿಜಕ್ಕೂ ಸಿಗುವುದಿಲ್ಲ. 302 (ಹಳೇ ಐಪಿಸಿಯ ಕೊಲೆ ಕಲಂ) ಅಂತ ನಾವು ಈಗಲೂ ಬಾಯಿ ತಪ್ಪಿ ಹೇಳುವ ಕೇಸು, 2024ರ ಜುಲೈ 1ರಿಂದ ಈಚಿನದಾದರೆ ಭಾರತೀಯ ನ್ಯಾಯ ಸಂಹಿತೆಯ 103, ಅದರ ಸ್ಥಳ ಮಹಜರು ಓದಿದರೆ ಮೊದಲು ಕಾಣುವುದು ಮರೆತು ಬಿಟ್ಟುಹೋದ ಸಾಮಾನು. ಒಂದು ಕಾಲಿನ ಹವಾಯಿ ಚಪ್ಪಲಿ. ಟವೆಲ್ಲು. ಬೈಕಿನ ಕೀ. ಮೊಬೈಲ್ ಬಿಟ್ಟುಹೋದವರೂ ಇದ್ದಾರೆ. ಪೊಲೀಸರು ಅದನ್ನೆಲ್ಲ 'ಪಂಚರ ಸಮಕ್ಷಮ' ಬಿಳಿ ಬಟ್ಟೆಯಲ್ಲಿ ಕಟ್ಟಿ, ಅರಗು ಹಾಕಿ, ಮುದ್ದೆಮಾಲು ಅಂತ ನಂಬರ್ ಕೊಟ್ಟು ಇಡುತ್ತಾರೆ. ವಿಚಾರಣೆಯ ದಿನ ಆ ಗಂಟು ಬಿಚ್ಚಿ ಟೇಬಲ್ ಮೇಲೆ ಚಪ್ಪಲಿ ಇಟ್ಟಾಗ ಆರೋಪಿಯ ಮುಖ ನೋಡಬೇಕು. ಅವನೂ ಮನಸ್ಸಿನಲ್ಲಿ ಅದನ್ನೇ ಅಂದುಕೊಳ್ಳುತ್ತಿರುತ್ತಾನೆ, ಎಂಥ ದಡ್ಡ ನಾನು ಅಂತ.

ಇನ್ನು ಆ ಕೈ ಸೀಳಿಕೊಳ್ಳುವ ದೃಶ್ಯ. ಎಲ್ಲರೂ ಅದನ್ನು ತಮಾಷೆ ಅಂದುಕೊಂಡರು. ನನಗೆ ಅಲ್ಲಿ ಮೈ ಜುಂ ಅಂದಿತು. ಯಾಕೆ ಅಂದರೆ ಅದು ಅಕ್ಷರಶಃ ನಿಜ. ಅಡುಗೆಮನೆ ಚಾಕುವಿಗೆ ಹಿಡಿಗೂ ಅಲಗಿಗೂ ನಡುವೆ ತಡೆ ಇರುವುದಿಲ್ಲ. ಗಟ್ಟಿ ಜಾಗಕ್ಕೆ ಬಡಿದರೆ ಚಾಕು ಅಲ್ಲೇ ನಿಲ್ಲುತ್ತದೆ, ಕೈ ಮುಂದೆ ಹೋಗುತ್ತದೆ. ಹಿಡಿ ರಕ್ತದಲ್ಲಿ ಒದ್ದೆಯಾಗಿದ್ದರಂತೂ ಹೇಳುವುದೇ ಬೇಡ. ಬೆರಳಿನ ಒಳಬದಿ, ಅಂಗೈ, ಸೀಳಿಹೋಗುತ್ತದೆ. ಅದಕ್ಕೇ ಚಾಕು ಕೇಸಿನಲ್ಲಿ ಆರೋಪಿಯನ್ನು ಹಿಡಿದ ತಕ್ಷಣ ಒಳ್ಳೆಯ ತನಿಖಾಧಿಕಾರಿ ಮೊದಲು ಅವನ ಅಂಗೈ ನೋಡುತ್ತಾನೆ. ಗಾಯ ಇದ್ದರೆ ಡಾಕ್ಟರ ಹತ್ತಿರ ಕಳಿಸಿ ಗಾಯದ ಪ್ರಮಾಣಪತ್ರ ತರಿಸುತ್ತಾನೆ. ಅದು ಚಾರ್ಜ್‌ಶೀಟಿಗೆ ಸೇರುತ್ತದೆ.

ಆಮೇಲೆ ನಮ್ಮ ಕೆಲಸ ಶುರು. ನಾವು ಡಾಕ್ಟರನ್ನು ಪಾಟೀಸವಾಲಿನಲ್ಲಿ ಕೇಳುತ್ತೇವೆ, ಸ್ವಾಮಿ, ಈ ಗಾಯ ಅಡಿಕೆ ಸುಲಿಯುವಾಗ ಮೆಟ್ಟುಗತ್ತಿ ತಾಗಿಯೂ ಆಗಬಹುದಲ್ಲವೇ? ಮಲೆನಾಡಿನಲ್ಲಿ ಈ ಪ್ರಶ್ನೆಗೆ ಇಲ್ಲ ಅನ್ನುವ ಡಾಕ್ಟರು ಕಮ್ಮಿ. ಡ್ವೈಟ್‌ಗೆ ಒಬ್ಬ ಮಲೆನಾಡಿನ ವಕೀಲ ಇದ್ದಿದ್ದರೆ ಚೆನ್ನಾಗಿತ್ತು ಅಂತ ಜೂನಿಯರ್ ಹೇಳಿದ. ಅವನು ನಕ್ಕಿದ್ದು ಇದಕ್ಕೇ.

ಹಾಗಾಗಿ ನನ್ನ ಅಭಿಪ್ರಾಯ ಏನು ಅಂದರೆ, ಡ್ವೈಟ್ ದಡ್ಡ ಅಲ್ಲ. ಅವನು ಮೊದಲನೇ ಸಲ ಕೊಲೆ ಮಾಡುತ್ತಿರುವವನು ಅಷ್ಟೇ. ಸೇಡಿಗೆ ಅಂತ ಕೊಲೆ ಮಾಡುವವರು ಬಹುತೇಕ ಎಲ್ಲರೂ ಮೊದಲನೇ ಸಲದವರೇ. ಅವರಿಗೆ ಸಿಟ್ಟು ಇರುತ್ತದೆ, ಕಸುಬು ಇರುವುದಿಲ್ಲ. ಸಿನಿಮಾಗಳು ಇಷ್ಟು ವರ್ಷ ನಮಗೆ ಇದನ್ನು ಉಲ್ಟಾ ತೋರಿಸಿವೆ. ಸಿಟ್ಟು ಬಂದ ಕೂಡಲೇ ಕಸುಬೂ ಬಂದುಬಿಡುತ್ತದೆ ಅಂತ. ಪೇಪರಿನಲ್ಲಿ 'ಹಳೇ ದ್ವೇಷದ ಹಿನ್ನೆಲೆಯಲ್ಲಿ ಕೊಲೆ' ಅಂತ ಓದುತ್ತೀರಲ್ಲ, ಆ ನಾಲ್ಕು ಸಾಲಿನ ಸುದ್ದಿಯ ಹಿಂದೆ ಡ್ವೈಟ್‌ನಂಥವನೇ ಇರುತ್ತಾನೆ. ಗಡ್ಡ ಬೋಳಿಸಿದ ಮೇಲೆ ಅವನು ಹೇಗೆ ಕಾಣುತ್ತಾನೆ ನೋಡಿ. ಸಹಕಾರಿ ಸಂಘದಲ್ಲಿ ಲೆಡ್ಜರ್ ಬರೆಯುವ ಗುಮಾಸ್ತನ ಹಾಗೆ. ದೊಡ್ಡ ಕಣ್ಣು, ಇಳಿದ ಭುಜ, ಯಾರದೋ ಮನೆಯಿಂದ ಎತ್ತಿಕೊಂಡ ಶರ್ಟು. ಕೋರ್ಟಿನ ಕಟಕಟೆಯಲ್ಲಿ ನಿಲ್ಲುವ ಮುಖ ಅದೇ.

ಮೌನದ ಬಗ್ಗೆ ಕೆಲವರ ದೂರು ಇತ್ತು. ಮೊದಲ ಭಾಗದಲ್ಲಿ ಮಾತೇ ಕಮ್ಮಿ, ಬೋರು ಅಂತ. ಕಾರಿನಲ್ಲಿ ಒಬ್ಬನೇ ಇರುವವನು ಯಾರ ಜೊತೆ ಮಾತಾಡಬೇಕು ಹೇಳಿ. ಈ ದೂರಿಗೆ ನನ್ನ ಹತ್ತಿರ ಇದಕ್ಕಿಂತ ಜಾಸ್ತಿ ಉತ್ತರ ಇಲ್ಲ. ಇನ್ನೊಬ್ಬರು ರಕ್ತ ಜಾಸ್ತಿ ಅಂದರು. ನಿಜ, ಜಾಸ್ತಿ ಇದೆ. ಆದರೆ ಚೆಲ್ಲಿದ ರಕ್ತವನ್ನು ಆಮೇಲೆ ತೊಳೆಯುವುದನ್ನೂ ಗಾಯಕ್ಕೆ ಬಟ್ಟೆ ಕಟ್ಟಿಕೊಳ್ಳುವುದನ್ನೂ ತೋರಿಸುವ ಸಿನಿಮಾ ಕಮ್ಮಿ. ಇದು ತೋರಿಸುತ್ತದೆ.

ಅತ್ತೆಯ ಅಭಿಪ್ರಾಯ ಬೇರೆಯೇ. ಅವರು ಅಲ್ಲೇ ದಿವಾನದ ಮೇಲೆ ಕೂತು ಬತ್ತಿ ಹೊಸೆಯುತ್ತಿದ್ದರು. ಇಂಗ್ಲಿಷ್ ಅಷ್ಟಾಗಿ ಅರ್ಥ ಆಗುವುದಿಲ್ಲ, ಮಧ್ಯೆ ಮಧ್ಯೆ ನಾನು ಹೇಳುತ್ತಿದ್ದೆ. ಕೊಲೆ, ರಕ್ತ ಯಾವುದಕ್ಕೂ ತಲೆ ಎತ್ತಲಿಲ್ಲ. ಡ್ವೈಟ್ ತನ್ನ ಅಕ್ಕನ ಮನೆಗೆ ಹೋದಾಗ ಕೈ ಕೆಲಸ ನಿಲ್ಲಿಸಿದರು.

ಆ ಭಾಗ ಹೀಗಿದೆ. ಕೊಲೆ ಆದ ಮೇಲೆ ಡ್ವೈಟ್ ಟಿವಿ ನೋಡುತ್ತಾನೆ, ಸುದ್ದಿ ಬರುವುದೇ ಇಲ್ಲ. ಅಂದರೆ ಕ್ಲೀಲ್ಯಾಂಡ್ ಮನೆಯವರು ಪೊಲೀಸರಿಗೆ ಹೇಳಿಲ್ಲ. ತಾವೇ ನೋಡಿಕೊಳ್ಳುತ್ತೇವೆ ಅಂತ ತೀರ್ಮಾನ ಮಾಡಿದ್ದಾರೆ. ಬಿಟ್ಟು ಬಂದ ಕಾರಿನ ರಿಜಿಸ್ಟ್ರೇಶನ್ನಿನಲ್ಲಿ ಇರುವುದು ಅಕ್ಕನ ಮನೆಯ ವಿಳಾಸ. ಅಕ್ಕನಿಗೆ ಇಬ್ಬರು ಚಿಕ್ಕ ಮಕ್ಕಳು. ವಿಷಯ ತಿಳಿದ ಅಕ್ಕ ಮಕ್ಕಳನ್ನು ಕಟ್ಟಿಕೊಂಡು ಮನೆ ಬಿಟ್ಟು ಹೋಗಬೇಕು. ಹೊರಡುವ ಮುಂಚೆ ಅವಳು ತಮ್ಮನಿಗೆ ಒಂದು ಮಾತು ಹೇಳುತ್ತಾಳೆ. ನಿನಗೆ ಹುಚ್ಚು ಹಿಡಿದಿದ್ದರೆ ಕ್ಷಮಿಸಿಬಿಡುತ್ತಿದ್ದೆ, ನಿನಗೆ ಹುಚ್ಚಿಲ್ಲ, ನೀನು ಗಟ್ಟಿಯಿಲ್ಲದವನು, ಅಷ್ಟೇ ಅನ್ನುವ ಅರ್ಥದ್ದು.

"ಸರಿಯಾಗಿ ಹೇಳಿದ್ಲು" ಅಂದರು ಅತ್ತೆ. "ಅವನಿಗೇನು, ಕಾರಿನಾಗೆ ಮಲಗಿದ್ದ, ಮತ್ತೆ ಕಾರಿಗೆ ಹೋಗ್ತಾನೆ. ಮಕ್ಕಳ ಇಸ್ಕೂಲು ಏನಾಗ್ಬೇಕು?"

ಈ ಪ್ರಶ್ನೆಯನ್ನು ನಾನು ಓದಿದ ಯಾವ ವಿಮರ್ಶೆಯಲ್ಲೂ ನೋಡಲಿಲ್ಲ. ಎಲ್ಲರೂ ಡ್ವೈಟ್ ಬಗ್ಗೆ ಬರೆಯುತ್ತಾರೆ, ಹಿಂಸೆಯ ಚಕ್ರ ಅಂತ ದೊಡ್ಡ ಮಾತು ಆಡುತ್ತಾರೆ. ಆದರೆ ನನ್ನ ಆಫೀಸಿಗೆ ಬಂದು ಬೆಂಚಿನ ಮೇಲೆ ಕೂರುವುದು ಅಕ್ಕಂದಿರು, ಹೆಂಡತಿಯರು, ಅಮ್ಮಂದಿರು. ಜಾಮೀನಿಗೆ ಪಹಣಿ ತರುವವರು ಅವರು. ಜಾಮೀನುದಾರರ ಕೈಕಾಲು ಹಿಡಿಯುವವರು ಅವರು. ಎರಡು ಎಕರೆ ತೋಟದಲ್ಲಿ ಒಂದು ಎಕರೆ ಕೇಸಿಗೆ ಹೋಗಿರುತ್ತದೆ. ಮಗು ಬೇರೆ ಊರಿನ ಶಾಲೆಗೆ ಸೇರಿರುತ್ತದೆ, ಇಲ್ಲಿ ಹುಡುಗರು ರೇಗಿಸುತ್ತಾರೆ ಅಂತ. ಎಮಿ ಹಾರ್ಗ್ರೀವ್ಸ್ ಅನ್ನುವ ನಟಿ ಆ ಅಕ್ಕನ ಪಾತ್ರ ಮಾಡಿದ್ದಾರೆ. ತೆರೆಯ ಮೇಲೆ ಇರುವುದು ಸ್ವಲ್ಪ ಹೊತ್ತು. ಅಪ್ಪ ಅಮ್ಮನನ್ನು ಕೊಂದವನು ಸತ್ತ ಅಂತ ಕೇಳಿದಾಗ ಅವಳ ಮುಖದಲ್ಲಿ ಮೊದಲು ಸಮಾಧಾನದಂಥದ್ದೇನೋ ಬರುತ್ತದೆ. ಅಪಾಯ ತನ್ನ ಮನೆಬಾಗಿಲಿಗೆ ಬಂದಿದೆ ಅಂತ ಹೊಳೆಯುವುದು ಅದಾದ ಮೇಲೆ. ಆ ಎರಡರ ನಡುವಿನ ಕ್ಷಣಕ್ಕೆ ನಾನು ಇನ್ನೊಮ್ಮೆ ಸಿನಿಮಾ ನೋಡಿದೆ.

ಈಗ ಬಜೆಟ್ಟಿನ ವಿಷಯ. ಇದರಲ್ಲಿ ನನಗೂ ಮೈದುನನಿಗೂ ಅರ್ಧ ಒಮ್ಮತ.

ಈ ಸಿನಿಮಾಕ್ಕೆ ಖರ್ಚಾಗಿದ್ದು ಸುಮಾರು 4 ಲಕ್ಷ 20 ಸಾವಿರ ಡಾಲರ್. ಸೋಲ್ನಿಯೇ ಕಂಪನಿಗಳಿಗೆ ವಿಡಿಯೋ ಮಾಡಿಕೊಟ್ಟು ಸಂಸಾರ ನಡೆಸುತ್ತಿದ್ದವರು. ಕ್ರೆಡಿಟ್ ಕಾರ್ಡ್ ಉಜ್ಜಿದರು. ಹೆಂಡತಿ ನಿವೃತ್ತಿಗೆ ಅಂತ ಕೂಡಿಟ್ಟ ಹಣಕ್ಕೂ ಕೈ ಹಾಕಿದರು. ಇನ್ನೂ ಕಮ್ಮಿ ಬಿದ್ದಾಗ 2012ರಲ್ಲಿ ಕಿಕ್‌ಸ್ಟಾರ್ಟರ್ ಅನ್ನುವ ವೆಬ್‌ಸೈಟಿನಲ್ಲಿ ಜನರ ಹತ್ತಿರ 35 ಸಾವಿರ ಡಾಲರ್ ಕೇಳಿದರು. ಕೇಳಿದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಬಂತು. ಶೂಟಿಂಗಿಗೆ ನೆಂಟರಿಷ್ಟರ ಮನೆಗಳೇ ಆದವು. 2013ರ ಮೇ ತಿಂಗಳಲ್ಲಿ ಸಿನಿಮಾ ಕಾನ್ ಚಿತ್ರೋತ್ಸವಕ್ಕೆ ಹೋಯಿತು. ಅಲ್ಲಿ ಡೈರೆಕ್ಟರ್ಸ್ ಫೋರ್ಟ್‌ನೈಟ್ ವಿಭಾಗದಲ್ಲಿ ತೋರಿಸಿದರು, ಅಂತರರಾಷ್ಟ್ರೀಯ ವಿಮರ್ಶಕರ ಫಿಪ್ರೆಸ್ಕಿ ಪ್ರಶಸ್ತಿಯೂ ಬಂತು. ಆಮೇಲೆ ಇಂಡಿಪೆಂಡೆಂಟ್ ಸ್ಪಿರಿಟ್ ಪ್ರಶಸ್ತಿಗಳಲ್ಲಿ ಜಾನ್ ಕಸಾವೆಟಿಸ್ ಹೆಸರಿನ ವಿಭಾಗಕ್ಕೆ ನಾಮನಿರ್ದೇಶನ ಆಯಿತು. ಆಗ ಅದು ಐದು ಲಕ್ಷ ಡಾಲರ್ ಒಳಗಿನ ಸಿನಿಮಾಗಳಿಗೆ ಮಾತ್ರ ಇದ್ದ ವಿಭಾಗ.

ಖರ್ಚಾದ ಆ 4 ಲಕ್ಷ 20 ಸಾವಿರ ಡಾಲರ್ ಆಗಿನ ಲೆಕ್ಕದಲ್ಲಿ ನಮ್ಮ ಎರಡೂವರೆ ಕೋಟಿ ರೂಪಾಯಿ ಹತ್ತಿರ ಆಯಿತು. ಇದನ್ನು ಕಮ್ಮಿ ಬಜೆಟ್ ಅಂದಾಗ ಮಂಡಿಯ ಗೆಳೆಯರು ಕಣ್ಣು ಬಿಟ್ಟರು. ಅದೇ ವರ್ಷ ನಮ್ಮ ಪವನ್ ಕುಮಾರ್ 'ಲೂಸಿಯಾ' ಮಾಡಿದ್ದು ನೆನಪಿರಬೇಕು. ನಿರ್ಮಾಪಕರು ಸಿಗದೆ ಬ್ಲಾಗ್ ಬರೆದು, 110 ಜನರಿಂದ 27 ದಿನದಲ್ಲಿ 51 ಲಕ್ಷ ಎತ್ತಿದ ಕಥೆ. ಅದು ಸೇಡಿನ ಸಿನಿಮಾ ಅಲ್ಲ, ಈ ಎರಡಕ್ಕೂ ಕಥೆಯಲ್ಲಿ ನೆಂಟಸ್ತಿಕೆ ಏನೂ ಇಲ್ಲ. ಆದರೆ ನೋಡುವವರೇ ದುಡ್ಡು ಹಾಕುವುದು ಅಲ್ಲೂ ಇಲ್ಲೂ ಒಂದೇ ಹೊತ್ತಿಗೆ ನಡೆಯಿತು.

ಇಲ್ಲಿ ಒಂದು ತಕರಾರು ಇದೆ. ಇಂಥ ಸಿನಿಮಾಗಳ ಬಗ್ಗೆ ಅಭಿಪ್ರಾಯ ಹೇಳುವಾಗ ನಾವು ರಿಯಾಯಿತಿ ಕೊಡುತ್ತೇವೆ. "ಇಷ್ಟು ಕಮ್ಮಿ ದುಡ್ಡಿನಲ್ಲಿ ಎಷ್ಟು ಚೆನ್ನಾಗಿ ಮಾಡಿದ್ದಾರೆ" ಅನ್ನುತ್ತೇವೆ. ಮೈದುನ ಕೇಳಿದ್ದು ಇದನ್ನೇ. "ನನ್ನ ಎರಡು ಗಂಟೆಗೂ ರಿಯಾಯಿತಿ ಕೊಡ್ತಾರಾ ಅತ್ತಿಗೆ?" ನ್ಯಾಯವಾದ ಪ್ರಶ್ನೆ. ಈ ಸಿನಿಮಾ ಒಂದೂವರೆ ಗಂಟೆ ಮಾತ್ರ ಅಂತ ತಿದ್ದಿದೆ, ಅದು ಬಿಟ್ಟರೆ ಮಾತು ಸರಿ. ಟಿಕೆಟ್ ಕೊಂಡವನಿಗೆ ನಿರ್ಮಾಪಕರ ಸಾಲದ ಕಥೆ ಯಾಕೆ ಬೇಕು?

ಆದರೆ ಇಲ್ಲಿ ದುಡ್ಡಿಲ್ಲದ್ದು ಸಿನಿಮಾದ ಮೈಗೇ ಸೇರಿಬಿಟ್ಟಿದೆ. ಬಾರ್ ಸೀನಿನಲ್ಲಿ ಜನ ಕಮ್ಮಿ. ಗಾಡಿ ಹಾರುವುದಿಲ್ಲ, ಕಟ್ಟಡ ಸಿಡಿಯುವುದಿಲ್ಲ. ಮನೆಗಳು ಜನ ಇದ್ದು ಬದುಕಿದ ಮನೆಗಳ ಹಾಗೆ ಇವೆ, ಸೆಟ್ಟಿನ ಹಾಗಿಲ್ಲ. ದುಡ್ಡು ಇದ್ದಿದ್ದರೆ ಯಾರೋ ಒಬ್ಬರು ಬಂದು ಲಿಮೋಸಿನ್ ಚೇಸಿಂಗ್ ಇಡಿ ಅನ್ನುತ್ತಿದ್ದರು. ಇಟ್ಟಿದ್ದರೆ ಡ್ವೈಟ್ ಚೆನ್ನಾಗಿ ಗಾಡಿ ಓಡಿಸಬೇಕಿತ್ತು. ಅಲ್ಲಿಗೆ ಡ್ವೈಟ್ ಸತ್ತ. ಪಂಕ್ಚರ್ ಟೈರಿನಲ್ಲಿ ಕುಂಟುತ್ತಾ ಹೋಗುವ ಗಾಡಿಗೆ ಖರ್ಚು ಕಮ್ಮಿ, ನೋಡುವವನಿಗೆ ಉಸಿರು ಕಟ್ಟುವುದೂ ಅಲ್ಲೇ.

ಬಾಣದ ಪ್ರಸಂಗ ಒಂದಿದೆ, ಅದನ್ನು ಬಿಡಲಾಗದು. ಕ್ಲೀಲ್ಯಾಂಡ್ ಕಡೆಯವರು ಬಂದಾಗ ಡ್ವೈಟ್ ತೊಡೆಗೆ ಬಾಣ ನೆಡುತ್ತದೆ. ನಮ್ಮ ಹೀರೋಗಳು ಇಂಥ ಹೊತ್ತಿನಲ್ಲಿ ಬೆಂಕಿಯಲ್ಲಿ ಚಾಕು ಕಾಯಿಸಿ, ಬಾಯಿಗೆ ಬಟ್ಟೆ ಕಚ್ಚಿಕೊಂಡು, ಗುಂಡು ಹೊರಗೆ ತೆಗೆದು ತಟ್ಟೆಗೆ ಠಣ್ ಅಂತ ಹಾಕುತ್ತಾರೆ. ಡ್ವೈಟೂ ಅಂಥ ಸಿನಿಮಾ ನೋಡಿರಬೇಕು. ಅಂಗಡಿಗೆ ಹೋಗಿ ಸಾಮಾನು ಕೊಂಡು ತರುತ್ತಾನೆ. ತಾನೇ ತೆಗೆಯಲು ಕೂರುತ್ತಾನೆ. ಆಗುವುದಿಲ್ಲ. ಮುಂದಿನ ದೃಶ್ಯದಲ್ಲಿ ಕುಂಟಿಕೊಂಡು ಆಸ್ಪತ್ರೆಗೆ ಹೋಗಿ ಬಿದ್ದುಬಿಡುತ್ತಾನೆ. ಮಂಡಿಯ ಗೆಳೆಯರು ಮೊದಲ ಬಾರಿಗೆ ಮನಸಾರೆ ನಕ್ಕಿದ್ದು ಇಲ್ಲಿ. "ಇದು ಮಾತ್ರ ಸರಿ ಮಾಡಿದ" ಅಂದರು.

ನನ್ನ ತಕರಾರು ಶುರುವಾಗುವುದೂ ಅಲ್ಲೇ. ತೊಡೆಯಲ್ಲಿ ಬಾಣ ಇರುವವನು ಆಸ್ಪತ್ರೆಗೆ ಬಂದು ಬಿದ್ದರೆ ಸುಮ್ನೆ ಹೊಲಿಗೆ ಹಾಕಿ ಬಿಡುತ್ತಾರಾ? ನಮ್ಮಲ್ಲಿ ಮೆಗ್ಗಾನ್ ಆಸ್ಪತ್ರೆಗೆ ಹೀಗೆ ಯಾರಾದರೂ ಹೋದರೆ ಎಂಎಲ್‌ಸಿ, ಅಂದರೆ ಮೆಡಿಕೋ ಲೀಗಲ್ ಕೇಸ್ ಆಗುತ್ತದೆ, ಠಾಣೆಗೆ ಮೆಮೊ ಹೋಗುತ್ತದೆ, ಸ್ವಲ್ಪ ಹೊತ್ತಿಗೆ ಪೊಲೀಸಪ್ಪ ಹೇಳಿಕೆ ಬರೆದುಕೊಳ್ಳಲು ಬಂದಿರುತ್ತಾನೆ. ಇಲ್ಲಿ ಡ್ವೈಟ್ ಎಚ್ಚರ ಆದ ಮೇಲೆ ಎದ್ದು ಹೋಗಿಬಿಡುತ್ತಾನೆ, ಆಮೇಲೆ ಆ ಕಡೆಯಿಂದ ಯಾರೂ ಅವನನ್ನು ಹುಡುಕುವುದಿಲ್ಲ. ಎರಡೂ ಮನೆಯವರು ಪೊಲೀಸರಿಗೆ ಹೇಳಲಿಲ್ಲ ಅನ್ನುವುದನ್ನು ಒಪ್ಪುತ್ತೇನೆ. ಆದರೆ ಆಸ್ಪತ್ರೆಯವರಿಗೇನಾಗಿತ್ತು? ಶುರುವಿನಲ್ಲಿ ಅಷ್ಟು ಅಕ್ಕರೆಯಿಂದ ಕೂರಿಸಿ ಮಾತಾಡಿದ ಆ ಅಧಿಕಾರಿಗೆ, ಬಿಡುಗಡೆಯಾದವನು ಅದೇ ದಿನ ಕಾಣೆಯಾದ, ಈ ಕಡೆ ನೀಲಿ ಕಾರಿನವನೂ ಇಲ್ಲ ಅಂತ ಹೊಳೆಯಬಾರದಾ? ಅವರು ಮತ್ತೆ ಸಿನಿಮಾಕ್ಕೆ ಬರುವುದೇ ಇಲ್ಲ. ಪೊಲೀಸರನ್ನು ಕಥೆಯಿಂದ ಎತ್ತಿ ಪಕ್ಕಕ್ಕಿಟ್ಟರೆ ಸೇಡಿನ ಕಥೆ ಬರೆಯುವುದು ಸುಲಭ. ಈ ಒಂದು ಕಡೆ ಸೋಲ್ನಿಯೇ ಸುಲಭದ ದಾರಿ ಹಿಡಿದಿದ್ದಾರೆ ಅಂತಲೇ ನನ್ನ ಅಭಿಪ್ರಾಯ. ಜೂನಿಯರ್ ಇದನ್ನು ಒಪ್ಪುವುದಿಲ್ಲ. "ಮೇಡಂ, ಪೊಲೀಸ್ ಬಂದ್ರೆ ಅದು ಕೋರ್ಟ್ ಡ್ರಾಮಾ ಆಗ್ತದೆ, ಅದನ್ನ ನಾವು ದಿನಾ ನೋಡ್ತೀವಲ್ಲ" ಅನ್ನುತ್ತಾನೆ.

ಬಂದೂಕಿನ ವಿಷಯಕ್ಕೆ ಬಂದರೆ, ನೋಡಿದವರೆಲ್ಲರಿಗೂ ಹಿಡಿಸಿದ ಪಾತ್ರ ಬೆನ್ ಅನ್ನುವವನದು. ಡ್ವೈಟ್‌ನ ಹೈಸ್ಕೂಲ್ ಗೆಳೆಯ. ಆ ನಟನನ್ನು ಎಲ್ಲೋ ನೋಡಿದ ಹಾಗಿದೆಯಲ್ಲ ಅಂತ ಮೈದುನ ತಲೆ ಕೆರೆದುಕೊಂಡ. 'ಹೋಮ್ ಅಲೋನ್' ಸಿನಿಮಾದಲ್ಲಿ ಪುಟ್ಟ ಹುಡುಗನನ್ನು ಗೋಳು ಹೊಯ್ದುಕೊಳ್ಳುವ ದೊಡ್ಡಣ್ಣ ಬಜ್ ಅವನೇ, ಡೆವಿನ್ ರಾಟ್ರೇ. ಬೆನ್ ಮನೆ ತುಂಬ ಬಂದೂಕು. ನಮ್ಮ ಕಡೆಯೂ ತೋಟಕ್ಕೆ ಬರುವ ಮಂಗ, ಹಂದಿ ಓಡಿಸಲು ಲೈಸೆನ್ಸ್ ಕೋವಿ ಇಟ್ಟುಕೊಂಡವರಿದ್ದಾರೆ. ಚುನಾವಣೆ ಬಂತೆಂದರೆ ಅದನ್ನು ಹೊತ್ತುಕೊಂಡು ಹೋಗಿ ಠಾಣೆಗೆ ಒಪ್ಪಿಸಿ, ರಸೀದಿ ತಂದು, ಮುಗಿದ ಮೇಲೆ ಮತ್ತೆ ಹೋಗಿ ಬಿಡಿಸಿಕೊಂಡು ಬರಬೇಕು. ಬೆನ್ ಬಂದೂಕು ಆರಿಸಿಕೊಡುವ ಸಲೀಸು ನೋಡಿ ನಮ್ಮನೆಯವರು ಬಾಯಿ ಬಿಟ್ಟುಕೊಂಡು ಕೂತಿದ್ದರು. ಅವರ ಅಣ್ಣನ ಮನೆಯ ಕೋವಿಗೆ ಲೈಸೆನ್ಸ್ ರಿನ್ಯೂ ಮಾಡಿಸಲು ಓಡಾಡಿದವರು ಅವರೇ.

ಬೆನ್ ಡ್ವೈಟ್‌ಗೆ ಹೇಳುವ ಬುದ್ಧಿಮಾತೂ ಚೆನ್ನಾಗಿದೆ. ಭಾಷಣ ಬೇಡ, ಮಾತು ಬೇಡ, ಗುರಿ ಇಡು, ಹೊಡಿ. ಮಂಡಿಯ ಗೆಳೆಯರಿಗೆ ಇದು ಸ್ವಲ್ಪ ಬೇಸರ ತಂದಿತು. ಭಾಷಣ ಇಲ್ಲದ ಮೇಲೆ ಸೇಡು ಯಾಕೆ ಅನ್ನುವುದು ಅವರ ನಿಲುವು. ಅದರಲ್ಲೂ ಒಂದು ನಿಜ ಇದೆ ಅಂತ ನನಗೆ ಅನಿಸುತ್ತದೆ. ಸೇಡು ತೀರಿಸಿಕೊಳ್ಳುವವನಿಗೆ ಕೊಲ್ಲುವುದಕ್ಕಿಂತ ಹೇಳುವುದು ಮುಖ್ಯ. ನಾನು ಯಾರು, ನೀನು ಏನು ಮಾಡಿದೆ, ಅದಕ್ಕೆ ಇದು ಅಂತ ಎದುರಿನವನಿಗೆ ಗೊತ್ತಾಗಬೇಕು. ಡ್ವೈಟೂ ಅದನ್ನೇ ಹುಡುಕುತ್ತಿರುತ್ತಾನೆ. ಸಿಕ್ಕಿದವನನ್ನು ಕೂಡಲೇ ಮುಗಿಸದೆ ಮಾತಿಗೆ ನಿಲ್ಲುತ್ತಾನೆ. ಆ ಮಾತಿನಲ್ಲಿ ಅವನ ಅಪ್ಪನ ಬಗ್ಗೆ, ಹಳೆಯ ಕೊಲೆಯ ಬಗ್ಗೆ ಅವನಿಗೆ ಗೊತ್ತಿಲ್ಲದ ಸಂಗತಿ ಹೊರಗೆ ಬರುತ್ತದೆ. ಜೈಲಿಗೆ ಹೋದವನು ಯಾರು, ಕೊಂದವನು ಯಾರು ಅನ್ನುವ ಲೆಕ್ಕವೇ ತಲೆಕೆಳಗಾಗುತ್ತದೆ. ಇದಕ್ಕಿಂತ ಮುಂದೆ ಹೇಳಿದರೆ ನೀವು ನನ್ನನ್ನು ಬೈಯುತ್ತೀರಿ.

ಕೊನೆಯ ಬಗ್ಗೆ ಮಾತ್ರ ನಮ್ಮಲ್ಲಿ ರಾಜಿ ಆಗಲೇ ಇಲ್ಲ. ಮೈದುನನಿಗೆ ತೃಪ್ತಿ ಆಗಲಿಲ್ಲ. ಇಷ್ಟು ಕಷ್ಟಪಟ್ಟು ನೋಡಿದ್ದಕ್ಕೆ ಒಂದು ಗೆಲುವು ಬೇಕಿತ್ತು ಅನ್ನುತ್ತಾನೆ. ನಮ್ಮನೆಯವರಿಗೆ ಕೊನೆ ಹಿಡಿಸಿತು, ನಡು ಭಾಗ ಎಳೆದರು ಅನಿಸಿತು. ಮಂಡಿಯ ಗೆಳೆಯರು ಐದರಲ್ಲಿ ಎರಡೂವರೆ ಕೊಟ್ಟರು, ಆ ಅರ್ಧ ಬಾಣದ ಸೀನಿಗಂತೆ. ನಾನು ನಾಲ್ಕು ಕೊಡುತ್ತೇನೆ, ಒಂದು ಅಂಕ ಆ ಆಸ್ಪತ್ರೆಯವರು ಕಳೆದರು. ಅತ್ತೆ ಅಂಕ ಕೊಡಲಿಲ್ಲ. ಅಕ್ಕನೂ ಮಕ್ಕಳೂ ಕೊನೆಗೆ ಏನಾದರು ಅಂತ ಕೇಳಿದರು, ಬದುಕಿದ್ದಾರೆ ಅಂದೆ, ಬತ್ತಿ ಡಬ್ಬ ಮುಚ್ಚಿ ಮಲಗಲು ಹೋದರು.

ಮುಂದಿನ ವಾರ ಇದೇ ನಿರ್ದೇಶಕರ 'ಗ್ರೀನ್ ರೂಮ್' ಇಡೋಣ ಅಂದಿದ್ದೇನೆ. 2015ರದ್ದು, ಇದಕ್ಕಿಂತ ರಕ್ತ ಜಾಸ್ತಿ. ಮಂಡಿಯ ಗೆಳೆಯರು ಅದಕ್ಕೆ ಮುಂಚೆ ತಾವು ಆರಿಸಿದ ಲಾಂಗಿನ ಸಿನಿಮಾ ಒಂದು ಆಗಬೇಕು ಅಂತ ಷರತ್ತು ಹಾಕಿದ್ದಾರೆ. ಮಧ್ಯೆ ಮಧ್ಯೆ ಮಹಜರಿನ ಮಾತು ಎತ್ತಬಾರದು ಅನ್ನುವುದೂ ಆ ಷರತ್ತಿನಲ್ಲೇ ಸೇರಿದೆ.